ರಾತ್ರಿಯ ಊಟವೂ ಹೊಟ್ಟೆಯ ಉಬ್ಬರವೂ

ಎಳ್ಳಮಾವಾಸ್ಯೆಯು ಕಳೆದು ಪುಷ್ಯಮಾಸವು ಮೊದಲಾಗುವ ಹೊತ್ತಿಗೆ ನಮ್ಮ ಕಮಲಾಪುರದ ಸೀಮೆಯಲ್ಲಿ ತೊಗರಿಯ ರಾಶಿಯು ನಡೆದಿರುತ್ತದೆ. ಹೊಸ ಬೇಳೆಯು ಮನೆಗೆ ಬರುವ ಕಾಲವಿದು. ಹಸಿ ಕಡಲೆ, ಕುದಿಸಿದ ತೊಗರಿಕಾಯಿ, ಮೆಂತೆಯ ಪಲ್ಯ, ಪುಂಡಿಯ ಪಲ್ಯ, ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹಿಂಡಿ ಇವೆಲ್ಲವೂ ಒಂದೇ ತಟ್ಟೆಯಲ್ಲಿ ಕೂಡುವ ಕಾಲವೂ ಇದೇ. ಇಂಥ ಸಮೃದ್ಧಿಯ ದಿನಗಳಲ್ಲಿಯೇ ಮನೆಮನೆಗಳಲ್ಲಿ ಒಂದು ದೂರು ಹೆಚ್ಚಾಗಿ ಕೇಳಬರುತ್ತದೆ. ಹಗಲೆಲ್ಲ ಸುಖವಾಗಿದ್ದ ಹೊಟ್ಟೆಯು ರಾತ್ರಿಯ ಊಟವಾಗಿ ಅರ್ಧ ಗಂಟೆ ಕಳೆಯುವುದರೊಳಗೆ ನಗಾರಿಯಂತೆ ಬಿಗಿದುಕೊಳ್ಳುತ್ತದೆ, ತೇಗಿನ ಮೇಲೆ ತೇಗು ಬರುತ್ತದೆ, ಮಲಗಿದರೆ ಎದೆಯ ಮೇಲೆ ಕಲ್ಲನ್ನಿಟ್ಟಂತಾಗುತ್ತದೆ, ನಿದ್ರೆಯು ದೂರವಾಗುತ್ತದೆ. ಮರುದಿನ ಬೆಳಗ್ಗೆ ಎಲ್ಲವೂ ಇಳಿದು ಹೋಗಿರುವುದರಿಂದ ಅದರ ವಿಚಾರವನ್ನು ಯಾರೂ ಮಾಡುವುದಿಲ್ಲ. ರಾತ್ರಿಯಾದೊಡನೆ ಮತ್ತೆ ಅದೇ ಪಾಡು.

ಈ ತಿಂಗಳ ನಮ್ಮ ಪುಟಗಳನ್ನು ಈ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಈ ಲೇಖಕನು ವೈದ್ಯನಲ್ಲ; ಮೂವತ್ತಕ್ಕೂ ಮಿಕ್ಕ ವರುಷ ಬಾಲಕರಿಗೆ ಪಾಠ ಹೇಳಿದವನು. ಆದುದರಿಂದ ಇಲ್ಲಿ ಚಿಕಿತ್ಸೆಯನ್ನು ವಿಧಿಸುವ ಉದ್ದೇಶವಿಲ್ಲ. ಪ್ರಾಚೀನರು ಹೇಳಿದುದನ್ನೂ ಇಂದಿನ ವೈದ್ಯಶಾಸ್ತ್ರವು ಕಂಡುಕೊಂಡುದನ್ನೂ ಗೃಹಸ್ಥರಿಗೆ ಉಪಯೋಗವಾಗುವಂತೆ ಒಂದೆಡೆಯಲ್ಲಿಟ್ಟು ನೋಡುವುದಷ್ಟೇ ನಮ್ಮ ಪ್ರಯತ್ನ.

ಹೆಸರಿನ ಅರ್ಥ

ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಈ ಬಾಧೆಗೆ ಆಧ್ಮಾನವೆಂದು ಹೆಸರು. 'ಧ್ಮಾ' ಎಂಬುದು ಊದುವುದೆಂಬ ಅರ್ಥದ ಧಾತು. ಶಂಖವನ್ನು ಊದುವುದಕ್ಕೂ ಕಮ್ಮಾರನು ತಿದಿಯನ್ನು ಊದುವುದಕ್ಕೂ ಇದೇ ಧಾತುವನ್ನು ಪ್ರಯೋಗಿಸುತ್ತಾರೆ. ತಿದಿಯಂತೆ ಹೊಟ್ಟೆಯು ಉಬ್ಬುವುದೇ ಆಧ್ಮಾನ. ಹೊಟ್ಟೆಯೊಳಗೆ ಗುಡುಗುಡು ಶಬ್ದವಾಗುವುದಕ್ಕೆ ಆಟೋಪವೆಂಬ ಬೇರೊಂದು ಹೆಸರಿದೆ. ಉಂಡುದು ಅರಗದಿರುವುದಕ್ಕೆ ಅಜೀರ್ಣವೆಂದು ಹೆಸರು. ಅದರಲ್ಲಿಯೂ ವಾಯುವಿನಿಂದ ಹೊಟ್ಟೆ ಕಟ್ಟಿದಂತಾಗುವುದು ವಿಷ್ಟಬ್ಧಾಜೀರ್ಣ, ಹುಳಿತೇಗು ಉರಿಗಳಿಂದ ಕೂಡಿದುದು ವಿದಗ್ಧಾಜೀರ್ಣ ಎಂದು ಮೊದಲಾಗಿ ಭೇದಗಳನ್ನು ಹೇಳಿರುತ್ತಾರೆ.

ಈ ವಿಭಾಗದಲ್ಲಿ ನಾವು ಗಮನಿಸಬೇಕಾದ ಒಂದು ವಿವೇಕವಿದೆ. ಪ್ರಾಚೀನರು ಹೊಟ್ಟೆಯ ಬಾಧೆಯೆಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಲಿಲ್ಲ. ಉಬ್ಬರ ಬೇರೆ, ಉರಿ ಬೇರೆ, ಶಬ್ದ ಬೇರೆ, ನೋವು ಬೇರೆ ಎಂದು ವಿಂಗಡಿಸಿದರು. ನಾವಾದರೋ ಇವೆಲ್ಲಕ್ಕೂ 'ಗ್ಯಾಸು' ಎಂಬ ಒಂದೇ ಮಾತನ್ನು ಆಡುತ್ತೇವೆ. ಎದೆ ಹಿಡಿದರೂ ಗ್ಯಾಸು, ತಲೆ ನೊಂದರೂ ಗ್ಯಾಸು, ಬೆನ್ನು ಸೆಳೆದರೂ ಗ್ಯಾಸು. ಈ ಒಂದು ಮಾತು ಎಷ್ಟು ಅನರ್ಥಕ್ಕೆ ಕಾರಣವಾಗಬಲ್ಲುದೆಂಬುದನ್ನು ಮುಂದೆ ಹೇಳುತ್ತೇವೆ.

ರಾತ್ರಿಯೇ ಏಕೆ?

ಉಬ್ಬರವು ವಿಶೇಷವಾಗಿ ರಾತ್ರಿಯೇ ಏಕೆ ಬರುತ್ತದೆಂಬುದು ಮೊದಲನೆಯ ಪ್ರಶ್ನೆ. ರಾತ್ರಿಯ ತಟ್ಟೆಯಲ್ಲಿದ್ದ ಪದಾರ್ಥವೇ ಅದಕ್ಕೆ ಕಾರಣವೆಂದು ನಾವು ಸಹಜವಾಗಿ ಭಾವಿಸುತ್ತೇವೆ. "ಇವತ್ತಿನ ಝುಣಕದಿಂದ ಹೀಗಾಯಿತು, ನಾಳೆಯಿಂದ ಝುಣಕ ಬೇಡ" ಎಂದು ಆಜ್ಞೆಯಾಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ ಈ ತೀರ್ಮಾನವು ಬಹಳ ಸಲ ನಿಲ್ಲಲಾರದು.

ಉಂಡ ಅನ್ನವು ಜಠರದಲ್ಲಿ ಎರಡರಿಂದ ನಾಲ್ಕು ಗಂಟೆಯ ಕಾಲ ಇರುತ್ತದೆ. ಬಳಿಕ ಸುಮಾರು ಇಪ್ಪತ್ತು ಅಡಿ ಉದ್ದವುಳ್ಳ ಸಣ್ಣ ಕರುಳಿನಲ್ಲಿ ಸಾಗುತ್ತ ತನ್ನ ಸತ್ತ್ವವನ್ನು ದೇಹಕ್ಕೆ ಒಪ್ಪಿಸುತ್ತದೆ. ಅಲ್ಲಿ ಅರಗದೆ ಉಳಿದ ಭಾಗವು ದೊಡ್ಡ ಕರುಳನ್ನು ಸೇರಿದಾಗ ಅಲ್ಲಿ ವಾಸಿಸುವ ಅಸಂಖ್ಯಾತ ಸೂಕ್ಷ್ಮಜೀವಿಗಳು ಅದನ್ನು ಹುಳಿಯಿಸಿ ವಾಯುವನ್ನು ಹುಟ್ಟಿಸುತ್ತವೆ. ಇದಕ್ಕೆಲ್ಲ ಐದಾರು ಗಂಟೆ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆದಕಾರಣ ಮಧ್ಯಾಹ್ನ ಎರಡು ಗಂಟೆಗೆ ಉಂಡ ಬೇಳೆಯ ಶೇಷವು ವಾಯುವಾಗಿ ಏಳುವ ಹೊತ್ತು ರಾತ್ರಿಯ ಎಂಟು ಒಂಭತ್ತು ಗಂಟೆ! ಅದೇ ಸಮಯಕ್ಕೆ ನಾವು ಮತ್ತೊಮ್ಮೆ ತಟ್ಟೆಯ ಮುಂದೆ ಕೂತಿರುತ್ತೇವೆ. ಹೊಸ ಅನ್ನವು ಜಠರಕ್ಕೆ ಬಿದ್ದೊಡನೆ ದೊಡ್ಡ ಕರುಳು ತಾನಾಗಿ ಚಲಿಸತೊಡಗುವುದು ದೇಹದ ಒಂದು ನಿಯಮ. ಕೆಲವರಿಗೆ ಉಂಡ ಕೂಡಲೆ ಶೌಚಕ್ಕೆ ಹೋಗಬೇಕೆನ್ನಿಸುವುದು ಈ ನಿಯಮದಿಂದಲೇ. ಈ ಚಲನೆಯಿಂದ ಅಲ್ಲಿ ಮೊದಲೇ ಕೂಡಿದ್ದ ವಾಯುವು ಕದಲಿ ಬಿಗಿತವು ತಿಳಿಯುತ್ತದೆ. ಉಂಡು ಅರ್ಧ ಗಂಟೆಯಲ್ಲಿ ಹೊಟ್ಟೆಯುಬ್ಬಿದರೆ ಮಧ್ಯಾಹ್ನದ ತಟ್ಟೆಯನ್ನೂ ಸಂಜೆಯ ತಿನಿಸನ್ನೂ ವಿಚಾರಣೆಗೆ ಕರೆಯಬೇಕು.

ಅಲ್ಲದೆ ಜಠರವು ಬೆಳಗ್ಗೆ ಚುರುಕಾಗಿ ಬರಿದಾಗುತ್ತದೆ, ರಾತ್ರಿ ನಿಧಾನವಾಗಿ ಬರಿದಾಗುತ್ತದೆ. ಸೂರ್ಯನು ಮುಳುಗಿದ ಬಳಿಕ ಜಠರಾಗ್ನಿಯು ಮಂದವಾಗುತ್ತದೆಂದು ಹಿರಿಯರು ಹೇಳುತ್ತಿದ್ದ ಮಾತಿಗೂ ಇಂದಿನ ಪರೀಕ್ಷೆಗಳಿಗೂ ಇಲ್ಲಿ ವಿರೋಧವಿಲ್ಲ. ನಮ್ಮ ರೂಢಿಯಾದರೋ ಇದಕ್ಕೆ ವಿಪರೀತ. ಬೆಳಗ್ಗೆ ಒಂದು ಕಪ್ಪು ಚಹ, ಮಧ್ಯಾಹ್ನ ಅವಸರದ ನಾಲ್ಕು ತುತ್ತು, ಸಂಜೆ ಐದೂವರೆಗೆ ಸುಸಲಾ ಮತ್ತು ಮಿರ್ಚಿ ಭಜಿ, ರಾತ್ರಿ ಹತ್ತಕ್ಕೆ ಹೊಟ್ಟೆ ಬಿರಿಯುವ ಊಟ. ಕಡಲೆಹಿಟ್ಟು ಎಣ್ಣೆಗಳೆರಡೂ ಕೂಡಿದ ಭಜಿಯು ಜಠರವನ್ನು ಬಿಟ್ಟು ಹೋಗುವ ಮುನ್ನವೇ ಅದರ ಮೇಲೆ ರೊಟ್ಟಿಯು ಬೀಳುತ್ತದೆ. ಎಣ್ಣೆಯ ಪದಾರ್ಥವು ಜಠರವನ್ನು ಬರಿದಾಗಗೊಡದೆ ತಡೆಯುವುದೆಂಬುದು ನಿಶ್ಚಿತವಾದ ಸಂಗತಿ. ಹೀಗೆ ದಿನವಿಡೀ ಬರೆದ ಲೆಕ್ಕದ ಮೊತ್ತವು ರಾತ್ರಿಯ ವೇಳೆಗೆ ಕೈಗೆ ಬರುತ್ತದೆ. ರಾತ್ರಿಯ ಉಬ್ಬರವೆಂದರೆ ಇಡೀ ದಿನದ ಲೆಕ್ಕ. ಈ ಲೇಖನದ ತಿರುಳು ಇಷ್ಟೇ.

ತೊಗರಿಯ ಮೇಲಣ ದೂರು

ಕಲಬುರಗಿಯನ್ನು ತೊಗರಿಯ ಕಣಜವೆಂದು ಕರೆಯುತ್ತಾರೆ. ಇಲ್ಲಿಯ ಬೇಳೆಗೆ 'ಗುಲಬರ್ಗಾ ತೊಗರಿ ಬೇಳೆ' ಎಂಬ ಹೆಸರಿನಲ್ಲಿ ೨೦೧೯ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯು ದೊರಕಿತು. ಅಂಥ ಬೇಳೆಯನ್ನೇ ಕಮಲಾಪುರದ ಗೃಹಸ್ಥನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ವಿಚಿತ್ರವಲ್ಲವೆ? ಆದರೂ ದೂರು ನಿರಾಧಾರವಾದುದಲ್ಲ.

ಬೇಳೆಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್, ವರ್ಬಾಸ್ಕೋಸ್ ಎಂಬ ಸಕ್ಕರೆಯ ಜಾತಿಯ ಪದಾರ್ಥಗಳಿರುತ್ತವೆ. ಇವನ್ನು ಒಡೆಯಲು ಬೇಕಾದ ಪಾಚಕವಸ್ತುವು ಮನುಷ್ಯನ ಸಣ್ಣ ಕರುಳಿನಲ್ಲಿ ಇಲ್ಲ. ಆದುದರಿಂದ ಇವು ಇದ್ದಂತೆಯೇ ದೊಡ್ಡ ಕರುಳನ್ನು ಸೇರಿ ಅಲ್ಲಿಯ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತವೆ. ಜಲಜನಕ, ಇಂಗಾಲಾಮ್ಲ, ಕೆಲವರಲ್ಲಿ ಮಿಥೇನ್ ಎಂಬ ವಾಯುಗಳು ಹುಟ್ಟುತ್ತವೆ. ಇದು ರೋಗವಲ್ಲ, ಮನುಷ್ಯಮಾತ್ರರೆಲ್ಲರಿಗೂ ಸಮಾನವಾದ ಸ್ವಭಾವ. ಆರೋಗ್ಯವಂತನ ದೇಹದಿಂದಲೂ ದಿನಕ್ಕೆ ಹತ್ತರಿಂದ ಇಪ್ಪತ್ತು ಸಲ ವಾಯುವು ಹೊರಡುತ್ತದೆ. ಒಬ್ಬನಿಗೆ ಬಾಧೆಯಾಗಿ ಇನ್ನೊಬ್ಬನಿಗೆ ಆಗದಿರುವುದಕ್ಕೆ ವಾಯುವಿನ ಪ್ರಮಾಣವೊಂದೇ ಕಾರಣವಲ್ಲ. ಕೆಲವರ ಕರುಳು ಸ್ವಲ್ಪವೇ ಹಿಗ್ಗಿದರೂ ಬಹಳ ನೋಯುವಷ್ಟು ಸೂಕ್ಷ್ಮವಾಗಿರುತ್ತದೆ. ಚಿಂತೆ, ನಿದ್ರೆಗೇಡುಗಳಿಂದ ಆ ಸೂಕ್ಷ್ಮತೆಯು ಹೆಚ್ಚುತ್ತದೆ.

ಉಳ್ಳಾಗಡ್ಡಿ, ಬಳ್ಳೊಳ್ಳಿ, ಗೋಧಿ ಇವುಗಳಲ್ಲಿ ಫ್ರಕ್ಟಾನ್ ಎಂಬ ಇದೇ ಬಗೆಯ ಅರಗದ ಪದಾರ್ಥವಿದೆ. ವಯಸ್ಸಾದಂತೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿಯು ನಮ್ಮವರಲ್ಲಿ ಅನೇಕರಿಗೆ ಕುಗ್ಗುತ್ತದೆ. ಆಸ್ಟ್ರೇಲಿಯಾ ದೇಶದ ಮೆಲ್ಬರ್ನ್ ನಗರದ ಮೊನಾಶ್ ವಿಶ್ವವಿದ್ಯಾಲಯದ ಪಂಡಿತರು ೨೦೦೫ರಿಂದೀಚೆಗೆ ಇಂಥ ಪದಾರ್ಥಗಳನ್ನೆಲ್ಲ ಒಂದು ವರ್ಗಕ್ಕೆ ಸೇರಿಸಿ, ಕರುಳು ಸೂಕ್ಷ್ಮವಾಗಿರುವವರಿಗೆ ಒಂದು ಪಥ್ಯಕ್ರಮವನ್ನು ರೂಪಿಸಿದ್ದಾರೆ. ಆ ಪಥ್ಯದಲ್ಲಿಯೂ ಈ ಪದಾರ್ಥಗಳನ್ನು ಬಿಡುವುದು ಕೆಲವು ವಾರಗಳ ಮಟ್ಟಿಗೆ ಮಾತ್ರ; ಬಳಿಕ ಒಂದೊಂದನ್ನಾಗಿ ಮರಳಿ ತೆಗೆದುಕೊಂಡು ಯಾವುದು ಒಗ್ಗುವುದಿಲ್ಲವೆಂಬುದನ್ನು ಗೊತ್ತು ಮಾಡುತ್ತಾರೆ. ಜನ್ಮವಿಡೀ ಬೇಳೆಯನ್ನು ಬಿಡಬೇಕೆಂದು ಅವರು ಹೇಳುವುದಿಲ್ಲ. ಶಾಕಾಹಾರಿಗಳ ಮನೆಯಲ್ಲಿ ಬೇಳೆಯನ್ನು ಬಿಟ್ಟರೆ ದೇಹಕ್ಕೆ ಬೇಕಾದ ಸಸಾರಜನಕವು ಬರುವ ದಾರಿಯೇ ಕಿರಿದಾಗುತ್ತದೆ.

ಇಲ್ಲಿ ನಮ್ಮ ಜೋಳದ ರೊಟ್ಟಿಯ ಪರವಾಗಿ ಒಂದು ಮಾತು. ಪಟ್ಟಣವನ್ನು ಸೇರಿದ ಅನೇಕರು ರಾತ್ರಿಗೆ ರೊಟ್ಟಿಯು ಜಡವೆಂದು ಅದನ್ನು ಬಿಟ್ಟು ಚಪಾತಿಯನ್ನು ಹಿಡಿದಿರುತ್ತಾರೆ. ಗೋಧಿಯಲ್ಲಿರುವಷ್ಟು ಫ್ರಕ್ಟಾನ್ ಜೋಳದಲ್ಲಿಲ್ಲ. ವಾಯುವಿನ ದೃಷ್ಟಿಯಿಂದ ನೋಡಿದರೆ ಎರಡು ಬಿಸಿ ರೊಟ್ಟಿಗಳು ನಿರಪರಾಧಿಗಳು. ಅವುಗಳ ಜೊತೆಗೆ ಹಸಿ ಉಳ್ಳಾಗಡ್ಡಿಯನ್ನು ಎಷ್ಟು ತಿಂದೆವು, ಎಷ್ಟು ಅವಸರದಿಂದ ನುಂಗಿದೆವು ಎಂಬುದೇ ಪ್ರಶ್ನೆ. ಕಟಕ ರೊಟ್ಟಿಯನ್ನಂತೂ ಹಲ್ಲಿಗೆ ಪೂರ್ಣ ಕೆಲಸ ಕೊಡದೆ ನುಂಗತಕ್ಕದ್ದಲ್ಲ. ಹಲ್ಲಿಲ್ಲದ ವೃದ್ಧರಿಗೆ ಅದನ್ನು ಸಾರಿನಲ್ಲಿ ನೆನೆಸಿ ಕೊಡುವುದು ಲೇಸು.

ಅಡಿಗೆಯ ಮನೆಯಲ್ಲಿ

ವಾಯುಕರವಾದ ಈ ಸಕ್ಕರೆಗಳು ನೀರಿನಲ್ಲಿ ಕರಗತಕ್ಕವು. ಇದೊಂದು ಸಂಗತಿಯಿಂದ ಗೃಹಿಣಿಯ ಕೈಯಲ್ಲಿ ದೊಡ್ಡ ಉಪಾಯವು ಸಿಕ್ಕಂತಾಯಿತು. ತೊಗರಿಯ ಬೇಳೆಯನ್ನು ತೊಳೆದು ಒಂದೆರಡು ಗಂಟೆ ನೆನೆಯಿಡಬೇಕು. ಇಡಿಯ ಕಡಲೆ, ಹುರುಳಿ, ಅಲಸಂದೆ, ಮಡಕಿ ಮೊದಲಾದವನ್ನು ರಾತ್ರಿಯೆಲ್ಲ ನೆನೆಯಿಡಬೇಕು. ನೆನೆದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಬೇಕು. ಆ ನೀರಿನಲ್ಲಿ ಸತ್ತ್ವವು ಹೋಗುತ್ತದೆಂದು ಚೆಲ್ಲಲು ಹಿಂಜರಿಯುವವರಿದ್ದಾರೆ. ಸ್ವಲ್ಪ ಹೋಗುವುದು ನಿಜ. ಆದರೆ ಹೊಟ್ಟೆಯುಬ್ಬರದಿಂದ ನರಳುವವನಿಗೆ ಲಾಭವೇ ಹೆಚ್ಚು. ಮೊಳಕೆ ಬಂದ ಕಾಳಿನಲ್ಲಿ ಈ ಸಕ್ಕರೆಗಳು ಬಹುಮಟ್ಟಿಗೆ ಕಡಿಮೆಯಾಗಿರುತ್ತವೆ, ಏಕೆಂದರೆ ಮೊಳೆಯುವ ಬೀಜವು ಅವನ್ನೇ ತನ್ನ ಆಹಾರವಾಗಿ ತಿಂದಿರುತ್ತದೆ. ಆದರೆ ಮೊಳಕೆಯನ್ನು ಹಸಿಯಾಗಿ ತಿನ್ನದೆ ಬೇಯಿಸಿ ತಿನ್ನುವುದು ದುರ್ಬಲವಾದ ಹೊಟ್ಟೆಗೆ ಹಿತ.

ಬೇಳೆಯು ಬೆರಳಿನಿಂದ ಒತ್ತಿದರೆ ಬೆಣ್ಣೆಯಂತೆ ನುರಿಯುವವರೆಗೆ ಬೇಯಬೇಕು. ಬೇಗ ಬೇಯಲೆಂದು ಅಡಿಗೆ ಸೋಡಾ ಹಾಕುವ ಪದ್ಧತಿಯು ಒಳ್ಳೆಯದಲ್ಲ. ಅದರಿಂದ ಬೇಳೆಯಲ್ಲಿರುವ ಬಿ-೧ ಎಂಬ ಜೀವಸತ್ತ್ವವು ನಾಶವಾಗುತ್ತದೆ, ರಕ್ತದೊತ್ತಡವಿದ್ದವರಿಗೆ ಬೇಡವಾದ ಕ್ಷಾರವೂ ದೇಹವನ್ನು ಸೇರುತ್ತದೆ. ಒಗ್ಗರಣೆಗೆ ಇಂಗು, ಜೀರಿಗೆ, ಅಜವಾನ, ಶುಂಠಿಗಳನ್ನು ಉಪಯೋಗಿಸುವ ಹಿರಿಯರ ರೂಢಿಯನ್ನು ಬಿಡಬೇಕಾದ ಕಾರಣವಿಲ್ಲ.

ಕಾಳಿನ ಪಲ್ಯ, ಝುಣಕ, ಹುರುಳಿಯ ಸಾರು, ಎಳ್ಳಮಾವಾಸ್ಯೆಯ ಭಜ್ಜಿ ಮೊದಲಾದ ವಾಯುಕರ ಪದಾರ್ಥಗಳನ್ನು ಮಧ್ಯಾಹ್ನ ಹನ್ನೆರಡು ಗಂಟೆಯ ಸುಮಾರಿಗೆ ಉಂಡು, ಬಳಿಕ ಓಡಾಡಿ ಕೆಲಸ ಮಾಡಿದರೆ ಅವುಗಳ ಉಪದ್ರವವು ಅಷ್ಟಾಗಿ ತಿಳಿಯುವುದಿಲ್ಲ. ಹೊಲದಲ್ಲಿ ಕೂತು ಭಜ್ಜಿಯುಂಡು ಸಂಜೆಯವರೆಗೆ ತಿರುಗಾಡಿ ಬರುವವರಿಗೆ ಆಗದ ಬಾಧೆಯು, ಅದೇ ಭಜ್ಜಿಯನ್ನು ರಾತ್ರಿ ಮನೆಯಲ್ಲುಂಡು ಮಲಗುವವರಿಗೆ ಆಗುವುದು ಸಹಜ. ಎರಡು ಬಗೆಯ ಕಾಳುಗಳನ್ನು ಒಂದೇ ಊಟದಲ್ಲಿ ಕೂಡಿಸದಿರುವುದೂ ಒಳ್ಳೆಯದು. ಬಾಳೆಯ ಹಣ್ಣಿನ ವಿಷಯದಲ್ಲಿಯೂ ಇದೇ ನ್ಯಾಯ. ನಮ್ಮ ಊರಿನ ಕೆಂಪು ಬಾಳೆಯ ಹಣ್ಣು ಹೆಸರಾದುದು, ಗಾತ್ರದಲ್ಲಿಯೂ ದೊಡ್ಡದು. ತುಂಬಿದ ಹೊಟ್ಟೆಯ ಮೇಲೆ ಅದನ್ನು ಇಡುವುದಕ್ಕಿಂತ, ಮಿರ್ಚಿ ಭಜಿಯ ಬದಲಾಗಿ ಸಂಜೆಗೆ ತಿಂದರೆ ಹಣ್ಣಿಗೂ ಮರ್ಯಾದೆ, ಹೊಟ್ಟೆಗೂ ಸುಖ.

ಉಣ್ಣುವ ರೀತಿ

ಜಠರವನ್ನು ನಾಲ್ಕು ಪಾಲು ಮಾಡಿ, ಎರಡು ಪಾಲನ್ನು ಅನ್ನಕ್ಕೂ ಒಂದು ಪಾಲನ್ನು ದ್ರವಕ್ಕೂ ಕೊಟ್ಟು ನಾಲ್ಕನೆಯದನ್ನು ವಾಯುವಿನ ಸಂಚಾರಕ್ಕೆ ಬಿಡಬೇಕೆಂದು ವಾಗ್ಭಟಾಚಾರ್ಯನು ಅಷ್ಟಾಂಗಹೃದಯದಲ್ಲಿ ಹೇಳಿದ್ದಾನೆ. ಇನ್ನೊಂದು ರೊಟ್ಟಿ ಬೇಕೆನ್ನಿಸುವಾಗಲೇ ಕೈತೊಳೆಯುವುದೆಂದು ಇದರ ತಾತ್ಪರ್ಯ.

ಮಲಗುವುದಕ್ಕಿಂತ ಎರಡು ಮೂರು ಗಂಟೆ ಮುಂಚೆ ಊಟವು ಮುಗಿದಿರಬೇಕು. ಅಂಗಡಿಯನ್ನು ಹಾಕಿ ಕಲಬುರಗಿಯಿಂದ ಕೊನೆಯ ಬಸ್ಸಿನಲ್ಲಿ ಬರುವ ಗೃಹಸ್ಥನಿಗೆ ಇದು ಅಸಾಧ್ಯವೆನ್ನಿಸಬಹುದು. ಅಂಥವರು ಸಂಜೆ ಆರೂವರೆ ಏಳರ ಸುಮಾರಿಗೆ ಡಬ್ಬಿಯಿಂದ ಎರಡು ರೊಟ್ಟಿ ಪಲ್ಯಗಳನ್ನು ತಿಂದು, ಮನೆಗೆ ಬಂದ ಮೇಲೆ ಒಂದು ಬಟ್ಟಲು ಮಜ್ಜಿಗೆಯನ್ನವನ್ನೋ ಗಂಜಿಯನ್ನೋ ತೆಗೆದುಕೊಂಡರೆ ರಾತ್ರಿಯ ಹೊರೆಯು ಅರ್ಧವಾಗುತ್ತದೆ. ಹಾಲು ಒಗ್ಗದವರಿಗೂ ಮೊಸರು ಮಜ್ಜಿಗೆಗಳು ಸಾಮಾನ್ಯವಾಗಿ ಒಗ್ಗುತ್ತವೆ, ಏಕೆಂದರೆ ಹೆಪ್ಪಿನ ಜೀವಾಣುಗಳು ಹಾಲಿನ ಸಕ್ಕರೆಯ ಒಂದಂಶವನ್ನು ಮೊದಲೇ ಜೀರ್ಣಿಸಿರುತ್ತವೆ.

ಹೊಟ್ಟೆಯೊಳಗಿನ ಗಾಳಿಯೆಲ್ಲವೂ ಅಲ್ಲಿಯೇ ಹುಟ್ಟಿದುದಲ್ಲ. ಬಾಯಿಂದ ನುಂಗಿದುದೂ ಉಂಟು. ಅವಸರದಿಂದ ಉಣ್ಣುವುದು, ಉಣ್ಣುತ್ತ ಬಹಳ ಮಾತಾಡುವುದು, ಮೊಬೈಲನ್ನು ನೋಡುತ್ತ ಅರಿವಿಲ್ಲದೆ ನುಂಗುವುದು, ಊಟದ ಮೇಲೆ ಸೋಡಾ ಶರಬತ್ತು ಕುಡಿಯುವುದು, ಎಲೆ ಅಡಿಕೆ ತಂಬಾಕುಗಳನ್ನು ಸದಾ ಮೆಲ್ಲುವುದು, ಇವೆಲ್ಲ ಗಾಳಿಯನ್ನು ಒಳಗೆ ಕಳುಹಿಸುವ ದಾರಿಗಳು. ತೇಗು ಬರಲೆಂದು ಬೇಕುಬೇಕೆಂದು ತೇಗುವವನು ಪ್ರತಿ ಸಲವೂ ಹೊಸ ಗಾಳಿಯನ್ನು ನುಂಗುತ್ತಾನೆ, ಆ ತೇಗಿಗೆ ಕೊನೆಯೇ ಇರುವುದಿಲ್ಲ.

ಉಂಡ ಬಳಿಕ ನೂರು ಹೆಜ್ಜೆ ನಡೆಯಬೇಕೆಂಬ ಹಿರಿಯರ ಉಪದೇಶವನ್ನು ನೂರಕ್ಕೇ ನಿಲ್ಲಿಸದೆ ಹತ್ತು ಹದಿನೈದು ನಿಮಿಷಗಳಿಗೆ ಹೆಚ್ಚಿಸಿರಿ. ವೇಗವು ಬೇಡ, ಅಂಗಳದಲ್ಲಿ ಮೆಲ್ಲಗೆ ತಿರುಗಿದರೆ ಸಾಕು, ವಾಯುವು ಮುಂದಕ್ಕೆ ಸರಿಯುತ್ತದೆ. ಸೊಂಟವನ್ನು ಬಿಗಿದ ಪಟ್ಟಿಯನ್ನೂ ಲಂಗದ ಲಾಡಿಯನ್ನೂ ಸಡಿಲಿಸಬೇಕು. ಮಲಗುವಾಗ ಎಡಮಗ್ಗುಲಾಗಿ ಮಲಗಿದರೆ ಹುಳಿಯು ಗಂಟಲಿಗೆ ಏರುವುದು ಕಡಿಮೆಯಾಗುತ್ತದೆ.

ಮಲಬದ್ಧತೆಯನ್ನು ಮರೆಯತಕ್ಕದ್ದಲ್ಲ. ಕೆಳಗಿನ ಬಾಗಿಲು ಮುಚ್ಚಿದ್ದರೆ ಮೇಲಿನ ಮನೆಯಲ್ಲಿ ಹೊಗೆ ತುಂಬುವುದು ಸಹಜ. ಬೇಸಗೆಯಲ್ಲಿ ನಾಲ್ವತ್ತು ಅಂಶವನ್ನು ಮೀರಿ ಕಾಯುವ ನಮ್ಮ ಸೀಮೆಯಲ್ಲಿ ನೀರು ಸಾಲದೆಯೇ ಅನೇಕರಿಗೆ ಮಲವು ಕಟ್ಟುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ, ತಡೆಯಬಾರದ ಹದಿಮೂರು ವೇಗಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಮಲ, ಅಧೋವಾಯು, ತೇಗು ಇವು ಸೇರಿವೆ. ಸಭ್ಯತೆಗಾಗಿ ಒಂದು ಕ್ಷಣ ಎದ್ದು ಹೋಗುವುದು ಬೇರೆ, ದಿನವಿಡೀ ತಡೆದು ಕೂಡುವುದು ಬೇರೆ.

ಎಲ್ಲರ ಕೊನೆಗೆ ಉಣ್ಣುವವರು

ಈ ಪುಟಗಳನ್ನು ಓದುವ ಗೃಹಸ್ಥರಿಗೆ ಇಲ್ಲಿ ಒಂದು ನೇರವಾದ ಮಾತನ್ನು ಹೇಳಬೇಕಾಗಿದೆ. ಮೇಲೆ ಬರೆದ ನಿಯಮಗಳೆಲ್ಲವನ್ನೂ ಪಾಲಿಸಲು ಪುರುಷರಿಗೆ ಅನುಕೂಲವಿದೆ. ಮನೆಯ ಹೆಣ್ಣುಮಕ್ಕಳಿಗೆ ಇದೆಯೆ? ಅತ್ತೆ ಮಾವ, ಗಂಡ, ಮಕ್ಕಳು, ಬಂದ ಅತಿಥಿ ಇವರೆಲ್ಲರಿಗೂ ಬಿಸಿ ರೊಟ್ಟಿಯನ್ನು ಬಡಿದು ಕೊಟ್ಟು, ಎಲ್ಲರ ಊಟವಾದ ಮೇಲೆ ಹತ್ತೂವರೆಗೆ ಆಕೆಯು ತಟ್ಟೆಯನ್ನು ತೆಗೆದುಕೊಳ್ಳುತ್ತಾಳೆ. ಆರಿದ ರೊಟ್ಟಿ, ಉಳಿದ ಪಲ್ಯ; ಚೆಲ್ಲಬಾರದೆಂದು ಹಸಿವಿಗಿಂತ ಎರಡು ತುತ್ತು ಹೆಚ್ಚು; ಪಾತ್ರೆಗಳು ಕಾದಿವೆಯೆಂದು ಅವಸರ; ಬಳಿಕ ದಣಿದು ಒಡನೆಯೇ ಹಾಸಿಗೆ. ಉಬ್ಬರಕ್ಕೆ ಬೇಕಾದ ಕಾರಣಗಳೆಲ್ಲವೂ ಒಬ್ಬಳ ಪಾಲಿಗೆ ಬಂದಂತಾಯಿತು. ಆಕೆಯು ಹೊಟ್ಟೆ ಹಿಡಿದುಕೊಂಡರೆ ನಾವು ಅಜವಾನದ ನೀರನ್ನು ಸೂಚಿಸುತ್ತೇವೆ. ಅಜವಾನಕ್ಕಿಂತ ಮೊದಲು ಕೊಡತಕ್ಕ ಔಷಧವು ಬೇರೆಯಿದೆ: ರೊಟ್ಟಿಗಳನ್ನು ಒಟ್ಟಿಗೆ ಮಾಡಿ ಬುಟ್ಟಿಯಲ್ಲಿ ಮುಚ್ಚಿಟ್ಟು, ಎಂಟು ಗಂಟೆಗೆ ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು. ಇದಕ್ಕೆ ಕಾಸಿನ ವೆಚ್ಚವಿಲ್ಲ. ಹಿರಿಯರು ಒಂದು ಮಾತು ಹೇಳಿದರೆ ಸಾಕು.

ಮನೆಯ ಮದ್ದು, ಅಂಗಡಿಯ ಮದ್ದು

ಶುಂಠಿಯು ಜಠರವು ಬರಿದಾಗುವುದನ್ನು ತ್ವರಿತಗೊಳಿಸುತ್ತದೆಂದು ಪರೀಕ್ಷೆಗಳಿಂದ ಕಂಡಿದೆ. ಅಜವಾನ, ಜೀರಿಗೆ, ಇಂಗುಗಳಿಂದ ಅನೇಕರಿಗೆ ಹಿತವಾಗುವುದು ಅನುಭವದ ಮಾತು. ಶುಂಠಿ, ಮೆಣಸು, ಹಿಪ್ಪಲಿ, ಅಜಮೋದ, ಸೈಂಧವ ಲವಣ, ಎರಡು ಬಗೆಯ ಜೀರಿಗೆ, ಇಂಗು ಈ ಎಂಟು ವಸ್ತುಗಳಿಂದ ಮಾಡಿದ ಹಿಂಗ್ವಷ್ಟಕ ಚೂರ್ಣವನ್ನು ತುಪ್ಪದೊಡನೆ ಊಟದ ಮೊದಲ ತುತ್ತಿನಲ್ಲಿ ತೆಗೆದುಕೊಳ್ಳುವ ಪದ್ಧತಿಯಿದೆ. ಅದರಲ್ಲಿ ಉಪ್ಪಿರುವುದರಿಂದ ರಕ್ತದೊತ್ತಡದವರೂ, ಖಾರವಿರುವುದರಿಂದ ಎದೆಯುರಿ ಹುಣ್ಣುಗಳಿದ್ದವರೂ ವೈದ್ಯರನ್ನು ಕೇಳದೆ ಉಪಯೋಗಿಸತಕ್ಕದ್ದಲ್ಲ.

ನೀರಿಗೆ ಹಾಕಿದೊಡನೆ ನೊರೆಯುಕ್ಕುವ ಪುಡಿಗಳು ಹೊಟ್ಟೆಯಲ್ಲಿ ಇನ್ನಷ್ಟು ವಾಯುವನ್ನೇ ಹುಟ್ಟಿಸಿ ಒಂದು ದೊಡ್ಡ ತೇಗನ್ನು ತರುತ್ತವೆ. ಆ ತೇಗಿನ ಸಮಾಧಾನವು ಗಳಿಗೆಯದು. ಅವುಗಳಲ್ಲಿರುವ ಸೋಡಿಯಂ ಅಂಶವು ಹೃದಯ, ಮೂತ್ರಪಿಂಡ, ರಕ್ತದೊತ್ತಡಗಳ ರೋಗಿಗಳಿಗೆ ಅಹಿತ. ಇನ್ನು 'ಗ್ಯಾಸಿನ ಗುಳಿಗೆ' ಎಂದು ಮುಂಜಾನೆ ಬರಿಹೊಟ್ಟೆಯಲ್ಲಿ ನುಂಗುವ ಗುಳಿಗೆಗಳು ಹೆಚ್ಚಾಗಿ ಜಠರದ ಆಮ್ಲವನ್ನು ಕಡಿಮೆ ಮಾಡತಕ್ಕವು. ಉರಿಗೆ, ಹುಣ್ಣಿಗೆ ಅವು ಒಳ್ಳೆಯ ಔಷಧಗಳು. ದೊಡ್ಡ ಕರುಳಿನ ವಾಯುವಿಗೂ ಅವಕ್ಕೂ ಸಂಬಂಧವಿಲ್ಲ. ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ಅವನ್ನು ನುಂಗುತ್ತ ಹೋದರೆ ಬಿ-೧೨ ಜೀವಸತ್ತ್ವವೂ ಮೆಗ್ನೀಸಿಯಂ ಅಂಶವೂ ದೇಹದಲ್ಲಿ ಕುಗ್ಗಬಹುದು.

ಮಧುಮೇಹದವರು ಇನ್ನೊಂದನ್ನು ತಿಳಿದಿರಬೇಕು. ಮೆಟ್‌ಫಾರ್ಮಿನ್, ವೋಗ್ಲಿಬೋಸ್, ಅಕಾರ್ಬೋಸ್ ಎಂಬ ಔಷಧಗಳಿಂದಲೇ ಕೆಲವರಿಗೆ ಹೊಟ್ಟೆಯುಬ್ಬುವುದುಂಟು. ಹಾಗೆಂದು ಗುಳಿಗೆಯನ್ನು ತಾವಾಗಿಯೇ ಬಿಡಬಾರದು; ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಬಗೆಯನ್ನೋ ಬದಲಿಸಿ ಕೊಡುವರು. ಬಹುಕಾಲದ ಮಧುಮೇಹದಿಂದ ಜಠರದ ಚಲನೆಯೇ ಮಂದವಾಗುವುದೂ ಉಂಟು.

ಎರಡು ವಾರದ ಟಿಪ್ಪಣಿ

ಯಾವ ಪದಾರ್ಥವು ತನಗೆ ಒಗ್ಗದೆಂಬುದನ್ನು ತಿಳಿಯಲು ಅತ್ಯಂತ ಅಗ್ಗವಾದ ಸಾಧನವೆಂದರೆ ಮಕ್ಕಳ ಹಳೆಯ ನೋಟುಪುಸ್ತಕದ ಬರಿದಾದ ಪುಟಗಳು. ಎರಡು ವಾರಗಳ ಕಾಲ, ಬೆಳಗಿನ ಚಹದಿಂದ ಹಿಡಿದು ಏನು ತಿಂದೆ, ಎಷ್ಟು ಗಂಟೆಗೆ ತಿಂದೆ, ಬಾಧೆಯು ಎಷ್ಟು ಗಂಟೆಗೆ ಬಂತು, ಶೌಚವು ಆಯಿತೆ ಇಲ್ಲವೆ, ನಿದ್ರೆ ಹೇಗೆ ಎಂಬುದನ್ನು ಸುಳ್ಳಿಲ್ಲದೆ ಬರೆಯಿರಿ. ಬಾಧೆಯ ಗಂಟೆಯಿಂದ ಐದಾರು ಗಂಟೆ ಹಿಂದಕ್ಕೆ ಎಣಿಸಿ ಅಲ್ಲಿ ಏನಿದೆಯೆಂದು ನೋಡಿರಿ. ಒಂದು ಸಲಕ್ಕೆ ಒಂದೇ ಪದಾರ್ಥವನ್ನು ಬಿಟ್ಟು ಪರೀಕ್ಷಿಸಿರಿ. ಬೇಳೆ, ಹಾಲು, ಉಳ್ಳಾಗಡ್ಡಿಗಳನ್ನು ಒಂದೇ ದಿನ ಬಿಟ್ಟವನಿಗೆ ಯಾವುದರಿಂದ ಗುಣವಾಯಿತೆಂಬುದು ಎಂದೂ ತಿಳಿಯದು. ವೈದ್ಯರ ಬಳಿಗೆ ಹೋಗುವಾಗ ಈ ಪುಸ್ತಕವನ್ನು ಒಯ್ದರೆ ಅವರಿಗೂ ಬಹಳ ಸಹಾಯವಾಗುತ್ತದೆ.

'ಗ್ಯಾಸು' ಎಂಬ ಮಾತಿನ ಅಪಾಯ

ಈಗ ಮುಖ್ಯವಾದ ಎಚ್ಚರಿಕೆಗೆ ಬರೋಣ. ಐವತ್ತೈದರ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಿರಿ. ಮಧುಮೇಹವಿದೆ. ರಾತ್ರಿ ಉಂಡ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ಭಾರ, ಸ್ವಲ್ಪ ವಾಕರಿಕೆ, ಮೈಯೆಲ್ಲ ತಣ್ಣನೆಯ ಬೆವರು. "ಗ್ಯಾಸು ಹಿಡಿದಿದೆ" ಎಂದು ಮನೆಯವರು ಸೋಡಾ ತರಿಸುತ್ತಾರೆ, ಬೆನ್ನು ತಿಕ್ಕುತ್ತಾರೆ, ಬೆಳಗಾಗಲೆಂದು ಕಾಯುತ್ತಾರೆ. ಅದು ಹೃದಯಾಘಾತವಾಗಿದ್ದರೆ? ಅದರಲ್ಲಿ ಪ್ರತಿಯೊಂದು ಗಳಿಗೆಯೂ ಹೃದಯದ ಮಾಂಸಖಂಡವು ಸಾಯುತ್ತ ಹೋಗುವ ಕಾಲ. ಮಧುಮೇಹಿಗಳಲ್ಲಿ, ಸ್ತ್ರೀಯರಲ್ಲಿ, ವೃದ್ಧರಲ್ಲಿ ಎದೆಯ ನೋವು ಸ್ಪಷ್ಟವಾಗಿ ಇಲ್ಲದೆಯೇ ಹೃದಯಾಘಾತವು ಹೊಟ್ಟೆಯ ಬಾಧೆಯ ವೇಷದಲ್ಲಿ ಬರಬಹುದು. ಆದುದರಿಂದ ಮೇಲ್ಹೊಟ್ಟೆಯ ಅಥವಾ ಎದೆಯ ಭಾರದೊಡನೆ ಬೆವರು, ಏದುಸಿರು, ತಲೆ ತಿರುಗು, ತೋಳು, ದವಡೆ, ಬೆನ್ನುಗಳಿಗೆ ಹರಿಯುವ ನೋವು ಇವುಗಳಲ್ಲಿ ಯಾವುದಾದರೂ ಕಂಡರೆ, ಅಥವಾ ನಡೆದರೆ ಹೆಚ್ಚಾಗಿ ಕೂತರೆ ಇಳಿಯುವ ಬಾಧೆಯಿದ್ದರೆ, ಸೋಡಾದ ಮಾತೇ ಬೇಡ. ೧೦೮ಕ್ಕೆ ಕರೆ ಮಾಡಿ ಇ.ಸಿ.ಜಿ. ಇರುವ ಆಸ್ಪತ್ರೆಗೆ ಆ ಕ್ಷಣವೇ ಹೋಗತಕ್ಕದ್ದು. ಹುಮನಾಬಾದ ರಸ್ತೆಯ ಮೇಲಿರುವ ಕಮಲಾಪುರದಿಂದ ಕಲಬುರಗಿಯು ದೂರವಲ್ಲ. ಅಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯೂ ಇದೆ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ತಿಳಿದು ಮರಳಿ ಬಂದರೆ ನಾಚಿಕೆಪಡಬೇಕಾದ ಕಾರಣವೇನಿದೆ?

ಹೊಟ್ಟೆಯು ಕಲ್ಲಿನಂತೆ ಬಿಗಿದು, ವಾಂತಿಯಾಗುತ್ತ, ಮಲವಾಗಲಿ ವಾಯುವಾಗಲಿ ಹೊರಡದೆ ನಿಂತರೆ ಕರುಳಿಗೆ ತಡೆಯಾಗಿರಬಹುದು. ಅದು ಕೂಡ ಆ ಗಳಿಗೆಯಲ್ಲಿಯೇ ಆಸ್ಪತ್ರೆಯನ್ನು ಸೇರಬೇಕಾದ ಸ್ಥಿತಿ.

ಇನ್ನು ಅಷ್ಟು ಅವಸರದವಲ್ಲದಿದ್ದರೂ ಅಲಕ್ಷ್ಯ ಮಾಡಬಾರದ ಕೆಲವು ಲಕ್ಷಣಗಳಿವೆ: ಕಾರಣವಿಲ್ಲದೆ ತೂಕವು ಇಳಿಯುವುದು, ಮಲದಲ್ಲಿ ರಕ್ತ ಅಥವಾ ಮಲವು ಡಾಂಬರಿನಂತೆ ಕಪ್ಪಾಗುವುದು, ನುಂಗಲು ತೊಡಕು, ಮೇಲಿಂದ ಮೇಲೆ ವಾಂತಿ, ರಕ್ತಹೀನತೆ, ಕಾಮಾಲೆ, ಜ್ವರ, ನಿದ್ರೆಯಿಂದ ಎಬ್ಬಿಸುವ ನೋವು, ಐವತ್ತು ದಾಟಿದ ಮೇಲೆ ಹೊಸದಾಗಿ ತೊಡಗಿದ ಉಬ್ಬರ. ಬೆಳಗಾದರೂ ಇಳಿಯದೆ ಹಗಲೂ ರಾತ್ರಿಯೂ ಇರುವ ಉಬ್ಬರವು ಆಹಾರದ್ದಾಗಿರದೆ ಹೊಟ್ಟೆಯಲ್ಲಿ ನೀರು ತುಂಬಿದುದರಿಂದಲೂ ಆಗಿರಬಹುದು. ವಿಶೇಷವಾಗಿ ಐವತ್ತರ ಮೇಲಿನ ಸ್ತ್ರೀಯರಿಗೆ ಕೆಲವು ವಾರಗಳವರೆಗೆ ಬಿಡದ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಮೇಲಿಂದ 
ಮೇಲೆ ಮೂತ್ರಕ್ಕೆ ಹೋಗಬೇಕೆನ್ನಿಸುವುದು, ಕಿಬ್ಬೊಟ್ಟೆಯ ನೋವು ಇವು ಕಂಡರೆ ಅಂಡಾಶಯದ ಪರೀಕ್ಷೆಯು ಅವಶ್ಯ. ಅಲ್ಲಿಯ ಅರ್ಬುದರೋಗವು ಮೊದಮೊದಲು ಇಂಥ ಸಾಧಾರಣ ಲಕ್ಷಣಗಳಿಂದಲೇ ತಲೆದೋರುತ್ತದೆ. "ವಯಸ್ಸಾಯಿತು, ಗ್ಯಾಸು" ಎಂದು ನಮ್ಮ ತಾಯಂದಿರು ಬಾಯಿ ಮುಚ್ಚಿಕೊಂಡಿರುತ್ತಾರೆ. ಕೇಳಿ ತಿಳಿಯುವ ಹೊಣೆಯು ಮನೆಯವರದು.

ಕಡೆಯ ಮಾತು

ಆಹಾರದಿಂದಲೇ ಆರೋಗ್ಯವೆಂಬ ವಿಚಾರವು ನಮ್ಮ ಸೀಮೆಗೆ ಹೊಸತಲ್ಲ. ಇದೇ ಜಿಲ್ಲೆಯ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲಿ, ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಬರೆದ ಉಗ್ರಾದಿತ್ಯಾಚಾರ್ಯನು ನೃಪತುಂಗನ ಸಭೆಯಲ್ಲಿ ಹಿತಾಹಿತವಾದ ಆಹಾರವನ್ನು ಕುರಿತು ವಾದಿಸಿದನೆಂದು ಆ ಗ್ರಂಥದಿಂದಲೇ ತಿಳಿಯುತ್ತದೆ. ಮಕ್ಕಳಿಗೆ ಉಣಿಸಿದ ತಾಯಿಯು ಅವರ ಹೊಟ್ಟೆಯನ್ನು ಸವರುತ್ತ, ಅಗಸ್ತ್ಯನ ಹೊಟ್ಟೆಯಲ್ಲಿ ವಾತಾಪಿಯು ಜೀರ್ಣನಾದಂತೆ ಇದೂ ಜೀರ್ಣವಾಗಲೆಂದು ಹರಸುವ ಪದ್ಧತಿಯು ಇಂದಿಗೂ ಕೆಲವು ಮನೆಗಳಲ್ಲಿದೆ. ಆದರೆ ಅಗಸ್ತ್ಯನ ಜಠರಾಗ್ನಿಯು ನಮ್ಮಲ್ಲಿಲ್ಲ. ನಮಗಿರುವುದು ಗಡಿಯಾರ, ನೆನೆಸುವ ಪಾತ್ರೆ, ಹಲ್ಲು, ಅಂಗಳ ಇಷ್ಟೇ. ಬೇಳೆಯನ್ನು ನೆನೆಸಿ ನೀರು ಚೆಲ್ಲಿರಿ; ಕಾಳನ್ನು ಮಧ್ಯಾಹ್ನಕ್ಕೆ ಸರಿಸಿರಿ; ಎಂಟಕ್ಕೆ ಮನೆಮಂದಿಯೆಲ್ಲ ಕೂಡಿ ಸ್ವಲ್ಪ ಕಡಿಮೆ ಉಣ್ಣಿರಿ; ಉಂಡು ಹದಿನೈದು ನಿಮಿಷ ನಡೆಯಿರಿ. ಇದನ್ನು ಒಂದು ತಿಂಗಳು ನಡೆಸಿದರೆ ಬಹುಮಂದಿಗೆ ಸುಖನಿದ್ರೆಯು ಮರಳಿ ಬರುವುದು. ಯಾರಿಗೆ ಬರುವುದಿಲ್ಲವೋ ಅವರು ಮುಂದಿನ ತಿಂಗಳ ಪತ್ರಿಕೆಗಾಗಿ ಕಾಯದೆ ವೈದ್ಯರನ್ನು ಕಾಣತಕ್ಕದ್ದು.